ಖಾಕಿ ಬಣ್ಣದ ರಜೆ

ಮಂಚದ ತುಂಬ ಖಾಕಿ ಹರಡಿತ್ತು. ಖಾಕಿ ಪ್ಯಾಂಟು, ಖಾಕಿ ಅಂಗಿ, ಒಣಹುಲ್ಲಿನ ಬಣ್ಣದ ಎರಡು ಟೋಪಿ, ಮಣ್ಣಿನ ಬಣ್ಣದ ಕಾಲುಚೀಲ. ಕೆಲಸ ಮುಗಿಸಿ ಬಂದ ಬೀಗದಣ್ಣ ಬಾಗಿಲ ಬಳಿ ಬೂಟು ಬಿಚ್ಚುತ್ತಾ ಒಳಗೆ ಇಣುಕಿದ. ಅವನ ಮೈಮೇಲಿದ್ದದ್ದೂ ಖಾಕಿಯೇ. ಮೂವತ್ತೊಂದು ವರ್ಷ ಆ ಬಣ್ಣ ತೊಟ್ಟು ದುಡಿದವನಿಗೆ ಕೊನೆಗೊಂದು ರಜೆ ಬಂದರೆ ಅದೂ ಅದೇ ಬಣ್ಣದಲ್ಲಿ ಬರಬೇಕೇ?

"ನನ್ನ ಯೂನಿಫಾರಂ ಯಾಕೆ ಹರಡಿದ್ದೀಯ?" ಎಂದ.

"ನಿಮ್ಮದಲ್ಲ ಅದು. ಹೊಸದು. ಆಫ್ರಿಕಾದ್ದು," ಎಂದಳು ಹೆಂಡತಿ. ಪ್ರವಾಸದ ಆಫೀಸಿನವರು ಕೊಟ್ಟ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. "ಎದ್ದು ಕಾಣೋ ಬಣ್ಣ ಬೇಡ, ಪ್ರಾಣಿ ಬೆದರುತ್ತೆ. ಬಿಳಿ ಬೇಡ, ಧೂಳು. ನೀಲಿ, ಕಪ್ಪು ಬೇಡವೇ ಬೇಡ, ಕಚ್ಚೋ ನೊಣ ಹುಡುಕಿಕೊಂಡು ಬರುತ್ತಂತೆ."

ಪೆಟ್ಟಿಗೆಯ ತಳದಿಂದ ತೆಗೆದ ನೀಲಿ ಶಾಲೊಂದು ಕುರ್ಚಿಯ ಬೆನ್ನಿನ ಮೇಲೆ ಬೇರೆಯಾಗಿ ಬಿದ್ದಿತ್ತು. ಮದುವೆಯಾದ ಎರಡನೇ ವರ್ಷ, ಆಫ್ರಿಕಾಕ್ಕೆ ಹೋಗುವಾಗ ಹೊದೆಯಲಿಕ್ಕೆ ಎಂದೇ ಅವಳು ಕೊಂಡ ಶಾಲು ಅದು. ಇಪ್ಪತ್ತೊಂಬತ್ತು ವರ್ಷ ನುಸಿಗುಳಿಗೆಯ ನಡುವೆ ಮಡಿಚಿಕೊಂಡೇ ಇತ್ತು.

"ನೊಣಕ್ಕೋಸ್ಕರ ಕಾದಿಟ್ಟ ಹಾಗಾಯ್ತು," ಎಂದು ಅವಳೇ ನಕ್ಕು ಅದನ್ನು ವಾಪಸು ಪೆಟ್ಟಿಗೆಗೆ ಹಾಕಿದಳು. ಅವನಿಗೆ ನಗು ಬರಲಿಲ್ಲ. ಮೊಣಕಾಲು ನೋಯುತ್ತಿತ್ತು, ಮಂಚದ ಮೇಲೆ ಕೂರಲು ಜಾಗವಿರಲಿಲ್ಲ.

ಬೀಗದಣ್ಣ ಮೃಗಾಲಯದಲ್ಲಿ ಸಿಂಹ ನೋಡಿಕೊಳ್ಳುವವನು. ಗೂಡಿನ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಚ್ಚರಿಕೆಗೆಂದು ಕಲಿತದ್ದು ಬರುಬರುತ್ತಾ ಮೈಗೆ ಹತ್ತಿತು. ಈಗ ಮನೆಯ ಬೀಗ, ಸೈಕಲ್ಲಿನ ಬೀಗ, ತಂಗಿಯ ಮನೆಗೆ ಹೋದರೆ ಅವರ ಬೀರುವಿನ ಬೀಗ, ಯಾವುದನ್ನೂ ಬಿಡುವುದಿಲ್ಲ. ಜೊತೆಯವರು ಇಟ್ಟ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಸಹಿ ಹಾಕುವಾಗ ಮಾತ್ರ ಅವನಿಗೆ ತನ್ನ ಸ್ವಂತ ಹೆಸರು ನೆನಪಾಗುತ್ತಿತ್ತು.

ಅವನ ಕೈಯಲ್ಲಿ ಈಗ ಉಳಿದಿದ್ದದ್ದು ಒಂದೇ ಸಿಂಹ. ಹತ್ತೊಂಬತ್ತು ವರ್ಷದ ಹೆಣ್ಣು. ಎಲ್ಲರೂ ಮುದುಕಿ ಎನ್ನುತ್ತಿದ್ದರು. ಬಲಗಣ್ಣಿಗೆ ಪೊರೆ ಬಂದಿತ್ತು, ಕೆಳದವಡೆಯ ಒಂದು ಕೋರೆ ಮುರಿದಿತ್ತು, ನಡೆಯುವಾಗ ಹಿಂಗಾಲು ಎಳೆಯುತ್ತಿತ್ತು. ಕಾಲಿನ ವಿಷಯದಲ್ಲಿ ಇಬ್ಬರೂ ಸಮ. ಬೆಳಿಗ್ಗೆ ಗೂಡು ತೊಳೆಯಲು ಪೈಪು ಹಿಡಿದು ಅವನು ಕುಂಟುತ್ತಾ ಬಂದರೆ, ಕಂಬಿಯ ಆಚೆ ಅದೂ ಕುಂಟುತ್ತಾ ಪಕ್ಕದ ಗೂಡಿಗೆ ಸರಿಯುತ್ತಿತ್ತು. ಅವನು ಅದನ್ನು 'ಅವಳು' ಎನ್ನುತ್ತಿದ್ದ. ಹೆಂಡತಿ 'ಅದು' ಎನ್ನುತ್ತಿದ್ದಳು. ಅವನ ತಂಗಿಯಂತೂ ಫೋನು ಮಾಡಿದಾಗಲೆಲ್ಲ, "ನಮ್ಮ ಎರಡನೇ ಅತ್ತಿಗೆ ಹೇಗಿದ್ದಾರೆ?" ಎಂದು ಕೇಳುತ್ತಿದ್ದಳು. ಮೊದಲನೇ ಅತ್ತಿಗೆ ಆ ಮಾತಿಗೆ ನಗುತ್ತಲೇ ಫೋನನ್ನು ಗಂಡನ ಕೈಗೆ ಕೊಡುತ್ತಿದ್ದಳು.

ಆ ಮೊದಲನೇ ಅತ್ತಿಗೆ ಒಂದು ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಕೂತು ಚೌಕಟ್ಟಿಗೆ ಗಾಜು ಕೂರಿಸುತ್ತಾಳೆ. ಕಿಟಕಿಯಿಲ್ಲದ ಕೋಣೆ, ಬಗ್ಗಿಸಿದ ಕತ್ತಿನ ದೀಪ, ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ಉಸಿರು ಜೋರಾಗಿ ಬಿಟ್ಟರೆ ಸ್ಕ್ರೂ ಹಾರಿಹೋಗುತ್ತದೆ, ಆಮೇಲೆ ನೆಲದ ಮೇಲೆ ಅಯಸ್ಕಾಂತ ಆಡಿಸುತ್ತಾ ತೆವಳಬೇಕು. "ಇಡೀ ಊರಿಗೆ ದೂರದ್ದು ಕಾಣೋ ಹಾಗೆ ಮಾಡ್ತೀನಿ, ನಾನು ನೋಡೋದು ಮಾತ್ರ ಒಂದು ಗೇಣು ದೂರದ್ದು," ಎಂದು ಅವಳು ಆಗಾಗ ಹೇಳುತ್ತಿದ್ದಳು. ದೂರುವ ದನಿಯಲ್ಲಲ್ಲ, ಲೋಕಾಭಿರಾಮವಾಗಿ. ಆದರೂ ಅವನಿಗೆ ಅದು ಚುಚ್ಚುತ್ತಿತ್ತು. ಏಕೆಂದರೆ ದೂರದ್ದನ್ನು ತೋರಿಸುತ್ತೇನೆಂದು ಮಾತು ಕೊಟ್ಟವನು ಅವನೇ.

ಮದುವೆಯಾದ ಹೊಸದರಲ್ಲಿ, ಎಲ್ಲ ಗಂಡಂದಿರಂತೆ, ತನ್ನ ಕೆಲಸದ ಜಾಗ ತೋರಿಸುವ ಉಮೇದಿನಲ್ಲಿ ಅವಳನ್ನು ಮೃಗಾಲಯಕ್ಕೆ ಕರೆದಿದ್ದ. ಅವಳು ಗೇಟಿನವರೆಗೂ ಬಂದು ನಿಂತುಬಿಟ್ಟಳು. "ನಾನು ಸಿಂಹ ನೋಡಿದ್ರೆ ಬಯಲಲ್ಲೇ ನೋಡೋದು. ಕಂಬಿ ಹಿಂದೆ ಇರೋದು ನಂಗೆ ಬೇಡ," ಎಂದಳು. ಅವನು ಆ ವಯಸ್ಸಿನ ಜಂಬದಲ್ಲಿ, "ಅಷ್ಟೇ ತಾನೆ? ಆಫ್ರಿಕಾಕ್ಕೇ ಕರ್ಕೊಂಡು ಹೋಗ್ತೀನಿ ಬಿಡು," ಎಂದ. ಅವಳು ಅದನ್ನು ನಂಬಿ ಶಾಲು ಕೊಂಡಳು. ಅಂದಿನಿಂದ ಇಂದಿನವರೆಗೆ ಮೃಗಾಲಯದ ಗೇಟು ದಾಟಿಲ್ಲ. ಅವನ ಊಟದ ಡಬ್ಬಿ ಮರೆತುಹೋದ ದಿನವೂ ಕಾವಲುಗಾರನ ಕೈಗೆ ಕೊಟ್ಟು ಹಿಂದಿರುಗಿದವಳು.

ಆಮೇಲೆ ಹೊರಡುವ ಮಾತು ಬಂದಾಗಲೆಲ್ಲ ಒಂದು ಪ್ರಾಣಿ ಅಡ್ಡ ಬರುತ್ತಿತ್ತು. ಒಂದು ವರ್ಷ ಸಿಂಹಿಣಿ ಗಬ್ಬ, ಇನ್ನೊಂದು ವರ್ಷ ಮರಿಗಳಿಗೆ ಭೇದಿ, ಮತ್ತೊಂದು ವರ್ಷ ಗಂಡು ಸಿಂಹಕ್ಕೆ ಮೂತ್ರಪಿಂಡದ ಕಾಯಿಲೆ. "ನಾನಿಲ್ದಿದ್ರೆ ತಿನ್ನಲ್ಲ," ಎಂದು ಅವನು ಹೇಳುತ್ತಿದ್ದ, ಅವಳು "ಆಯ್ತು" ಎನ್ನುತ್ತಿದ್ದಳು. ತಾನಿಲ್ಲದಿದ್ದರೆ ಅವು ನಿಜಕ್ಕೂ ತಿನ್ನುವುದಿಲ್ಲವೇ ಎಂದು ಅವನು ಯಾವತ್ತಾದರೂ ಪರೀಕ್ಷಿಸಿದ್ದನೇ ಎಂದರೆ, ಇಲ್ಲ. ಅದಕ್ಕೂ ಅವನದೇ ಒಂದು ಏರ್ಪಾಡು ಕಾರಣ. ಮೃಗಾಲಯದ ಮಾಂಸಾಹಾರಿಗಳಿಗೆ ವಾರಕ್ಕೊಂದು ದಿನ ಉಪವಾಸ ಹಾಕುತ್ತಾರೆ, ಹೊಟ್ಟೆಗೆ ಒಳ್ಳೆಯದೆಂದು. ಇಲ್ಲಿ ಅದು ಬುಧವಾರ. ಬೀಗದಣ್ಣ ಕೆಲಸಕ್ಕೆ ಸೇರಿದ ವರ್ಷವೇ ತನ್ನ ವಾರದ ರಜೆಯನ್ನು ಬುಧವಾರಕ್ಕೆ ಹಾಕಿಸಿಕೊಂಡಿದ್ದ. ಅವನು ಮನೆಯಲ್ಲಿರುವ ದಿನ ಸಿಂಹಗಳಿಗೆ ಊಟವಿಲ್ಲ, ಊಟವಿರುವ ದಿನ ಅವನು ರಜೆ ಹಾಕುವುದಿಲ್ಲ. ಬೇರೆಯವರ ಕೈಯಿಂದ ಅವು ತಿನ್ನುತ್ತವೋ ಇಲ್ಲವೋ ಎಂಬ ಪ್ರಶ್ನೆಯೇ ಏಳದಂತೆ ಮೂವತ್ತು ವರ್ಷ ದಾಟಿಸಿದ್ದ ಪುಣ್ಯಾತ್ಮ.

ಒಂದೇ ಒಂದು ಸಲ ಆ ಏರ್ಪಾಡು ತಪ್ಪಿತ್ತು. ಎಂಟು ವರ್ಷದ ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದ. ಆಗ ಮುದುಕಿ ಸರಿಯಾಗಿ ತಿನ್ನಲಿಲ್ಲವೆಂದು, ಬಾಗಿಲ ಕಡೆ ನೋಡುತ್ತಾ ಮಲಗಿರುತ್ತಿತ್ತೆಂದು, ಹೆಂಡತಿಯೇ ಅವನಿಗೆ ಹೇಳಿದ್ದಳು. ಆ ಮಾತನ್ನು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಆಮೇಲಿನ ಎಂಟು ವರ್ಷ ಆಫ್ರಿಕಾದ ಸುದ್ದಿ ಎತ್ತಿದಾಗಲೆಲ್ಲ, "ಗೊತ್ತಲ್ಲ ನಿಂಗೆ, ಆವಾಗ ಏನಾಯ್ತು ಅಂತ," ಎಂದರೆ ಸಾಕಿತ್ತು. ಅವಳು ಬಾಯಿ ಮುಚ್ಚುತ್ತಿದ್ದಳು.

ಈ ಸಲ ಮಾತ್ರ ಅವಳು ಅವನನ್ನು ಕೇಳದೆಯೇ ಟಿಕೆಟ್ಟು ಮಾಡಿಸಿ, ಅವನ ಸಾಹೇಬರ ಹತ್ತಿರ ರಜೆಯ ಅರ್ಜಿಯನ್ನೂ ಕಳಿಸಿ, ಆಮೇಲೆ ಅವನಿಗೆ ಹೇಳಿದ್ದಳು. ಹೊರಡಲು ಇನ್ನು ಎರಡು ವಾರ. ಶನಿವಾರ ಮಧ್ಯಾಹ್ನ ಹಳದಿಜ್ವರದ ಇಂಜೆಕ್ಷನ್ನು ಚುಚ್ಚಿಸಿಕೊಳ್ಳಬೇಕು. ಹೊರಡುವ ಹತ್ತು ದಿನ ಮೊದಲೇ ಅದು ಆಗಿರದಿದ್ದರೆ ಗಡಿಯಲ್ಲೇ ತಡೆಯುತ್ತಾರೆ. ರದ್ದು ಮಾಡುವುದಿದ್ದರೆ ಅದೇ ಶನಿವಾರ ಸಂಜೆ ಐದರೊಳಗೆ ತಿಳಿಸಬೇಕು. ಎರಡೂ ಚೀಟಿಗಳನ್ನು ಅವಳು ಕ್ಯಾಲೆಂಡರಿಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದಳು.

ಆ ಸಂಜೆ ಅವಳು ಬಚ್ಚಲ ಪಕ್ಕದ ತೂಕದ ಯಂತ್ರದ ಮೇಲೆ ಚೀಲ ಹಿಡಿದು ಹತ್ತಿದಳು. ಚಕ್ರವಿಲ್ಲದ ಮೆತ್ತನೆಯ ಚೀಲವೇ ಆಗಬೇಕು, ಹದಿನೈದು ಕಿಲೋ ಮೀರಬಾರದು, ಅಲ್ಲಿಯ ಪುಟಾಣಿ ವಿಮಾನಕ್ಕೆ ಅಷ್ಟೇ ಶಕ್ತಿ. ಅವಳಿಗೆ ಅಂಕಿ ಕಾಣಲು ಚೀಲ ಅಡ್ಡ. ಅವನು ಬಗ್ಗಿ ನೋಡಿ ಹೇಳಬೇಕು, ಬಗ್ಗಿದರೆ ಮೊಣಕಾಲು ಕಟಕಟ ಎನ್ನುತ್ತದೆ. ಒಂದು ಅಂಗಿ ತೆಗೆದು, ಒಂದು ಟಾರ್ಚು ಸೇರಿಸಿ, ನಾಲ್ಕು ಸಲ ಹತ್ತಿ ಇಳಿದಳು.

"ಮುದುಕಿ ನಿನ್ನೆ ಅರ್ಧ ಬಿಟ್ಟಳು," ಎಂದ ಅವನು, ಬಗ್ಗಿದಲ್ಲಿಂದಲೇ.

ಅವಳು ಯಂತ್ರದ ಮೇಲೆ ನಿಂತೇ ಇದ್ದಳು. "ಎಷ್ಟು ತೋರಿಸ್ತಿದೆ?" ಎಂದು ಕೇಳಿದಳು.

ಮಂಗಳವಾರದ ಮಾತಿದು. ಮರುದಿನ ಬುಧವಾರ, ಅವನಿಗೆ ರಜೆ, ಮುದುಕಿಗೆ ಉಪವಾಸ. ಗುರುವಾರದಿಂದ ಅವನ ಬದಲಿಗೆ ಬರುವವರಿಗೆ ಕೆಲಸ ಒಪ್ಪಿಸಬೇಕಿತ್ತು. ಬಂದವಳು ಜಿಂಕೆಯಕ್ಕ. ಮೃಗಾಲಯದ ಇನ್ನೊಂದು ತುದಿಯಲ್ಲಿ ಜಿಂಕೆಗಳನ್ನು ನೋಡಿಕೊಳ್ಳುವ, ನಲವತ್ತೈದು ದಾಟಿದ, ಮಾತಿಗಿಂತ ಆಕಳಿಕೆ ಹೆಚ್ಚಿರುವ ಹೆಂಗಸು. ಎಂಟು ವರ್ಷದ ಹಿಂದೆಯೂ ಆ ಹನ್ನೆರಡು ದಿನ ಅವಳೇ ಬಂದಿದ್ದಳು. ಮುದುಕಿಯನ್ನು ಸೊರಗಿಸಿದವಳು ಎಂದು ಬೀಗದಣ್ಣನಿಗೆ ಅವಳ ಮೇಲೆ ಒಳಗೊಳಗೇ ಒಂದು ಅಸಮಾಧಾನ ಇದ್ದೇ ಇತ್ತು.

ಅವನು ಒಂದು ನೋಟುಪುಸ್ತಕದ ತುಂಬ ಬರೆದಿಟ್ಟಿದ್ದ. ಬಾಗಿಲು ಎತ್ತುವ ಮೊದಲು ಬಕೆಟ್ಟಿನ ಅಂಚನ್ನು ಕಂಬಿಗೆ ಮೂರು ಸಲ ಬಡಿಯಬೇಕು. ಮಾಂಸವನ್ನು ಎಡಗಣ್ಣಿನ ಕಡೆ ಇಡಬೇಕು. ಮೂಳೆ ದಪ್ಪವಿದ್ದರೆ ಒಡೆಸಬೇಕು. ತಿನ್ನುವಾಗ ಮಾತಾಡಬಾರದು, ಕೆಮ್ಮಬಾರದು, ಬೆನ್ನು ತಿರುಗಿಸಿ ಹೋಗಲೂಬಾರದು. ಜಿಂಕೆಯಕ್ಕ ಪುಟ ತಿರುವಿ, "ಅಣ್ಣಾ, ನನ್ನ ಮಗಳ ಮದುವೆಗೂ ಇಷ್ಟು ಪಟ್ಟಿ ಇರ್ಲಿಲ್ಲ," ಎಂದು ಆಕಳಿಸಿದಳು.

ಇಲ್ಲಿ ಬೀಗದಣ್ಣ ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ಹೊಸ ಕೈಯಿಂದ ಮುದುಕಿ ತಿನ್ನದೆ ಹೋದರೆ? ಮೊದಲೇ ಬುಧವಾರದ ಉಪವಾಸ ಬೇರೆ. ಕರುಳು ಚುರುಕ್ ಎಂದು ಅವನು ಗುರುವಾರ ಬೆಳಿಗ್ಗೆ, ಯಾರೂ ಬರುವ ಮೊದಲು, ಎರಡು ಇಡೀ ಕೋಳಿಗಳನ್ನು ಕಂಬಿಯ ಸಂದಿಯಿಂದ ತುಂಡು ತುಂಡಾಗಿ ತಿನ್ನಿಸಿದ್ದ. ಹೊಟ್ಟೆಯ ಆಧಾರಕ್ಕೆ ಸ್ವಲ್ಪ ಇರಲಿ ಎಂದು. ಮಧ್ಯಾಹ್ನ ಹನ್ನೆರಡಕ್ಕೆ ಜಿಂಕೆಯಕ್ಕ ಪಟ್ಟಿಯಲ್ಲಿದ್ದಂತೆಯೇ ಬಕೆಟ್ಟು ಬಡಿದು, ಎಡಗಡೆ ಮಾಂಸವಿಟ್ಟು, ಬಾಯಿ ಮುಚ್ಚಿ ನಿಂತಳು. ಮುದುಕಿ ಬಂದು ಮೂಸಿತು. ತಲೆಯೆತ್ತಿ, ಹಿಂದೆ ಗೋಡೆಗೊರಗಿ ನಿಂತಿದ್ದ ಬೀಗದಣ್ಣನನ್ನು ಒಳ್ಳೆಯ ಕಣ್ಣಿನಲ್ಲಿ ನೋಡಿತು. ಮಾಂಸ ಬಿಟ್ಟು, ಅವನ ಕಡೆಯ ಕಂಬಿಯ ಬುಡಕ್ಕೆ ಬಂದು ಮೈ ಚೆಲ್ಲಿತು.

ಶುಕ್ರವಾರವೂ ಬೆಳಿಗ್ಗೆ ಕೋಳಿ. ಶುಕ್ರವಾರವೂ ಮಧ್ಯಾಹ್ನ ಅದೇ ಕತೆ.

"ನೋಡಿದ್ಯಾ," ಎಂದ ಬೀಗದಣ್ಣ. ಅವನ ದನಿಯಲ್ಲಿ ಸಂಕಟವಿತ್ತು. ಸಂಕಟದ ಕೆಳಗೆ ಇನ್ನೊಂದೂ ಇತ್ತು, ಅದು ಸಂತೋಷ. ಅದು ತನಗೇ ಗೊತ್ತಾಗಿ ಅವನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾಯಿತೆಂದು ಸಂತೋಷ ಕಡಿಮೆಯಾಗಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ಕಿಟಕಿಯ ಬಳಿ ದುರ್ಬೀನು ಹಿಡಿದು ನಿಂತಿದ್ದಳು. ಯಾರೋ ಗಿರಾಕಿ ರಿಪೇರಿಗೆ ತಂದು, ವಾಪಸು ಒಯ್ಯದೆ ಬಿಟ್ಟ ಹಳೆಯ ದುರ್ಬೀನು. ಅದರ ಎರಡು ಗಾಜು ಎರಡು ದಿಕ್ಕು ನೋಡುತ್ತಿದ್ದವು. ಅಂಗಡಿಯವರನ್ನು ಕೇಳಿ ತಂದು, ಮೂರು ಸಂಜೆ ಕೂತು ಸರಿಪಡಿಸಿದ್ದಳು. "ಆ ಮೂರನೇ ಮಹಡಿಯವರು ಒಣಗಿಹಾಕಿದ ಟವಲಿನ ಅಂಚಿನ ದಾರ ಕಾಣ್ತಿದೆ ರೀ," ಎಂದಳು.

ಅವನು ಬೂಟು ಬಿಚ್ಚಲಿಲ್ಲ. "ಎರಡು ದಿನ ಆಯ್ತು. ಮುಟ್ಟಿಲ್ಲ ಅವಳು," ಎಂದ.

ಅವಳು ದುರ್ಬೀನು ಇಳಿಸಲಿಲ್ಲ.

"ಉಪವಾಸದ ಮಾರನೇ ದಿನವೂ ಮುಟ್ಟಿಲ್ಲ ಅಂದ್ರೆ ನೀನೇ ಯೋಚನೆ ಮಾಡು. ನಾವು ಹೋಗಿ ಬರೋ ಹದಿನಾಲ್ಕು ದಿನ ಬದುಕಿರಲ್ಲ. ಆವಾಗ ಇನ್ನೂ ಗಟ್ಟಿ ಇದ್ದಳು, ಹನ್ನೆರಡು ದಿನ ತಡ್ಕೊಂಡಳು. ನಿಂಗೆ ಗೊತ್ತಲ್ಲ."

"ಹೂಂ," ಎಂದಳು. ಆಮೇಲೆ ದುರ್ಬೀನು ಇಳಿಸಿ, "ಇದು ಹೋದ ಮೇಲೆ ಹೋಗೋಣ ಅಂತೀರಾ?" ಎಂದು ಕೇಳಿದಳು.

"ಹಾಗಲ್ಲ..."

"ಇರಲಿ ಬಿಡಿ. ನಂಗೂ ಸಾಕಾಗಿದೆ. ಕಟ್ಟೋದು, ಬಿಚ್ಚೋದು." ದುರ್ಬೀನಿನ ನಾಲ್ಕು ಕಣ್ಣಿಗೂ ಒಂದೊಂದಾಗಿ ಮುಚ್ಚಳ ಹಾಕಿದಳು. ಚೀಲದ ಜಿಪ್ಪು ಎಳೆದು ಖಾಕಿ ಬಟ್ಟೆಗಳನ್ನು ತೆಗೆದು ಬೀರುವಿನ ಕೆಳಗಿನ ಅರೆಯಲ್ಲಿ, ಅವನ ಯೂನಿಫಾರಮ್ಮುಗಳ ಪಕ್ಕದಲ್ಲೇ ಜೋಡಿಸಿದಳು. ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮಡಿಚುತ್ತಿದ್ದಳು, ಅವನು ಬೂಟು ಹಾಕಿಕೊಂಡೇ ನಿಂತು ನೋಡುತ್ತಿದ್ದ.

ಶನಿವಾರ ಅವನು ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ, ಬಣ್ಣದ ಅಂಗಿ ತೊಟ್ಟು ಪ್ರವಾಸದ ಆಫೀಸಿಗೆ ಹೋದ. ಗೋಡೆಯ ತುಂಬ ಆನೆ, ಜಿರಾಫೆ, ಕೆಂಪು ಸೂರ್ಯ. ಮೇಜಿನ ಹಿಂದಿದ್ದವನು ರದ್ದಿನ ಅರ್ಜಿಯ ಹಾಳೆ ಕೊಟ್ಟು, "ಇಬ್ಬರು ಹೋಗೋರು, ಇಬ್ಬರ ಸಹಿಯೂ ಬೇಕು. ನಿಮ್ಮದೊಂದೇ ಆದ್ರೆ ಆಗಲ್ಲ. ಐದು ಗಂಟೆ ಒಳಗೆ ತಂದುಕೊಡಿ," ಎಂದ. ಬೀಗದಣ್ಣ ತನ್ನ ಸಹಿ ಹಾಕಿ, ಹಾಳೆ ಮಡಿಚಿ ಜೇಬಿನಲ್ಲಿಟ್ಟುಕೊಂಡು ಹೊರಬಿದ್ದ. ಹೆಂಡತಿಯ ಅಂಗಡಿಗೆ ಹೋಗುವ ಬಸ್ಸು ಮೃಗಾಲಯದ ಹಿಂಬದಿಯ ರಸ್ತೆಯಲ್ಲೇ ಹಾಯುತ್ತದೆ. ಹನ್ನೆರಡಕ್ಕೆ ಐದು ನಿಮಿಷ ಇತ್ತು. ಇಳಿದುಬಿಟ್ಟ.

ಹಿಂದಿನ ಗೇಟಿನಿಂದ ಮಾಂಸದ ಕೋಣೆ ದಾಟಿ, ಗೂಡಿನ ಹಿಂದಿನ ಓಣಿಗೆ ಬಂದ. ಫಿನಾಯಿಲಿನ ವಾಸನೆ, ಒದ್ದೆ ಸಿಮೆಂಟು. ಕಬ್ಬಿಣದ ಬಾಗಿಲಲ್ಲಿ ಕಣ್ಣಿಟ್ಟು ನೋಡಲು ಒಂದು ತೂತಿದೆ. ಬೇರೆ ಪ್ರಾಣಿಗಳನ್ನು ಅವಕ್ಕೆ ಗೊತ್ತಾಗದಂತೆ ನೋಡಲು ಅವುಗಳ ಗೂಡಿನ ಅಂಥ ತೂತುಗಳನ್ನು ಎಷ್ಟೋ ಸಲ ಬಳಸಿದ್ದ. ಸಿಂಹಗಳ ಗೂಡಿನಲ್ಲಿ ಮಾತ್ರ ಅವನಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಈಗ ಬಗ್ಗಿ ಕಣ್ಣಿಟ್ಟ.

ಜಿಂಕೆಯಕ್ಕ ಬಂದಳು. ಬಕೆಟ್ಟು ಬಡಿಯಲಿಲ್ಲ. ನೋಟುಪುಸ್ತಕ ಅವಳ ಕೈಯಲ್ಲಿರಲಿಲ್ಲ. ಮಾಂಸವನ್ನು ಎಡಗಡೆಯೂ ಅಲ್ಲ ಬಲಗಡೆಯೂ ಅಲ್ಲದೆ ನಟ್ಟನಡುವೆ ತಳ್ಳಿ, ಬಾಗಿಲೆತ್ತಿ, "ಬಾರಮ್ಮ, ಬಿಸಿಲು ಹತ್ತಿದೆ," ಎಂದು ಮಾತಾಡಿ, ಕೆಮ್ಮಿ, ಬೆನ್ನು ತಿರುಗಿಸಿ ಪೈಪು ಸುತ್ತತೊಡಗಿದಳು. ಮುದುಕಿ ಕುಂಟುತ್ತಾ ಬಂದಿತು. ಮೂಸಲೂ ಇಲ್ಲ. ನೇರ ಬಾಯಿ ಹಾಕಿತು. ಮುರಿದ ಕೋರೆಯ ಕಡೆಯಿಂದ ತಲೆ ವಾಲಿಸಿ, ಕಣ್ಣು ಮುಚ್ಚಿ, ಚಪ್ಪರಿಸಿ ತಿಂದಿತು. ಮೂಳೆಯನ್ನು ಎರಡು ಪಂಜದ ನಡುವೆ ನಿಲ್ಲಿಸಿ ನೆಕ್ಕಿತು. ಆಮೇಲೆ ಮುಖ ಒರೆಸಿಕೊಂಡು, ಬಾಗಿಲ ಕಡೆಗೆ ಒಂದು ಸಲವೂ ನೋಡದೆ, ಬಿಸಿಲು ಬಿದ್ದಲ್ಲಿ ಹೋಗಿ ಮಲಗಿತು.

ಹೊಟ್ಟೆ ತುಂಬಿ ಮಲಗಿದ ಪ್ರಾಣಿಯನ್ನು ನೋಡಿ ಸಂತೋಷಪಡಬೇಕಾದವನು ಬೀಗದಣ್ಣ. ಮೂವತ್ತೊಂದು ವರ್ಷ ಸಂತೋಷಪಟ್ಟೂ ಇದ್ದ. ಈಗ ತೂತಿಗೆ ಕಣ್ಣಿಟ್ಟು, ಬಗ್ಗಿದ ಸೊಂಟದಲ್ಲಿ, ಅಳು ಬರುವಂತಾಗಿ ನಿಂತಿದ್ದ.

ಜಿಂಕೆಯಕ್ಕ ಓಣಿಗೆ ಬಂದವಳು ಅವನನ್ನು ನೋಡಿ ಬೆಚ್ಚಿದಳು. "ಅಯ್ಯೋ, ಕಳ್ಳನ ಹಾಗೆ ನಿಂತಿದ್ದೀರಲ್ಲ ಅಣ್ಣ."

"ತಿಂದಳು," ಎಂದ.

"ತಿನ್ನದೆ ಏನು. ಇವತ್ತು ಬೆಳಿಗ್ಗೆ ಕೋಳಿ ಇರ್ಲಿಲ್ವಲ್ಲ." ಅವನು ತಲೆ ತಗ್ಗಿಸಿದ್ದನ್ನು ನೋಡಿ ದನಿ ತಗ್ಗಿಸಿದಳು. "ಗೂಡಿನ ಮೂಲೆಲಿ ಪುಕ್ಕ ಬಿದ್ದಿತ್ತು, ಎರಡು ದಿನವೂ. ನಾನೇ ಗುಡಿಸಿದೆ. ಹೇಳೋದು ಬೇಡ ಅನ್ನಿಸ್ತು. ಆವತ್ತೂ ತಿಂದಿತ್ತಲ್ಲ ಇದು, ನೀವು ಆಸ್ಪತ್ರೆಲಿದ್ದಾಗ."

"ಆವಾಗ ತಿಂದಿರ್ಲಿಲ್ಲ."

"ಯಾರು ಹೇಳಿದ್ದು? ಉಪವಾಸದ ದಿನ ಬಿಟ್ಟು ಎಲ್ಲ ದಿನವೂ ತಿಂದಿತ್ತು. ನಿಮ್ಮ ಮನೆಯವರು ದಿನಾ ಸಂಜೆ ಫೋನ್ ಮಾಡೋರು, ತಿಂತಾ ಅಂತ. ತಿಂತು ಅಂತಲೇ ನಾನು ಹೇಳ್ತಿದ್ದದ್ದು. ಕೊನೇ ದಿನ ಮಾತ್ರ, ಅವರಿಗೆ ಈ ವಿಷಯ ಎತ್ಬೇಡಿ ಅಂದ್ರು. ಗಂಡ ಹೆಂಡತಿ ಮಧ್ಯೆ ನಂಗೇನು ಕೆಲಸ ಅಂತ ನಾನೂ ಸುಮ್ನಿದ್ದೆ. ಇಷ್ಟು ವರ್ಷಕ್ಕೆ ನಿಮಗೇ ಗೊತ್ತಾಗಿರುತ್ತೆ ಅಂದ್ಕೊಂಡೆ." ಅವಳು ಆಕಳಿಸಿದಳು. "ಬೀಗ ನೀವೇ ನೋಡ್ತೀರಾ, ನಾನು ಹಾಕ್ಲಾ?"

"ನೀನೇ ಹಾಕು," ಎಂದು ಹೇಳಿ ಬೀಗದಣ್ಣ ಹೊರಗೆ ನಡೆದ.

ಕನ್ನಡಕದ ಅಂಗಡಿಯ ಹಿಂಕೋಣೆಗೆ ಅವನು ಬಂದದ್ದು ಇದೇ ಮೊದಲು. ಅವಳು ಮೃಗಾಲಯದ ಗೇಟು ದಾಟಲಿಲ್ಲವೆಂದು ಎಷ್ಟೋ ಸಲ ಅಂದಿದ್ದ. ತಾನು ಈ ಪರದೆ ದಾಟಿಲ್ಲವೆಂಬುದು ಪರದೆ ಸರಿಸಿದಾಗಲೇ ಹೊಳೆದದ್ದು. ಕೋಣೆ ಮುದುಕಿಯ ಗೂಡಿಗಿಂತ ಚಿಕ್ಕದಿತ್ತು. ಕಿಟಕಿಯಿಲ್ಲವೆಂದು ಕೇಳಿದ್ದ, ಆದರೆ ಕಿಟಕಿಯಿಲ್ಲದಿದ್ದರೆ ಹೇಗಿರುತ್ತದೆಂದು ಯೋಚಿಸಿರಲಿಲ್ಲ. ಅವಳು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಸ್ಕ್ರೂ ಹಿಡಿದು, ಬೆನ್ನು ಬಗ್ಗಿಸಿ ಕೂತಿದ್ದಳು.

"ಆಫೀಸಿನವರು ಫೋನ್ ಮಾಡಿದ್ರು. ನನ್ನ ಸಹಿಯೂ ಬೇಕಂತೆ," ಎಂದಳು, ತಲೆ ಎತ್ತದೆ. "ಎಲ್ಲಿ ಹಾಕ್ಬೇಕು, ತೋರಿಸಿ."

ಅವನು ಹಾಳೆ ತೆಗೆಯಲಿಲ್ಲ. ಗಿರಾಕಿಗಳಿಗೆಂದು ಇಟ್ಟಿದ್ದ, ಕಾಲು ಅಲುಗಾಡುವ ಸ್ಟೂಲಿನ ಮೇಲೆ ಕೂತ. "ಮುದುಕಿ ತಿಂದಳು."

ಚಿಮಟ ನಿಂತಿತು.

"ಜಿಂಕೆಯಕ್ಕನ ಕೈಯಿಂದ. ಆವಾಗಲೂ ತಿಂದಿದ್ದಳಂತೆ."

ಅವಳು ಸ್ಕ್ರೂವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, ಭೂತಗಾಜು ತೆಗೆದಳು. ಕಣ್ಣಿನ ಸುತ್ತ ಅದರ ದುಂಡನೆಯ ಗುರುತು ಬಿದ್ದಿತ್ತು. ಅದು ಸುಳ್ಳು ಸಿಕ್ಕಿಬಿದ್ದ ಮುಖವಲ್ಲ, ದಣಿದ ಮುಖ.

"ಯಾಕೆ ಹಾಗೆ ಹೇಳಿದೆ?"

"ಆಪರೇಷನ್ ಆದ ಮೇಲೆ ನೀವು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ರಿ. ಮೂರು ದಿನ. ಊಟ ಬೇಡ, ಮಾತು ಬೇಡ. ಡಾಕ್ಟರು ಎದ್ದು ನಡೀಬೇಕು ಅಂತಿದ್ರು, ನೀವು ಏಳ್ಲಿಲ್ಲ. ನಾಲ್ಕನೇ ದಿನ ಕೇಳಿದ್ರಿ, ಅವಳು ತಿಂತಿದಾಳಾ ಅಂತ. ಅದೊಂದೇ ಕೇಳಿದ್ದು." ಅವಳು ಬಟ್ಟೆಯ ಚೂರಿನಿಂದ ಗಾಜು ಒರೆಸತೊಡಗಿದಳು. "ತಿಂತಿದೆ ಅಂದ್ರೆ ನೀವು ಇನ್ನು ಏಳೋದೇ ಇಲ್ಲ ಅನ್ನಿಸ್ತು. ತಿಂತಿಲ್ಲ, ಬಾಗಿಲು ನೋಡ್ತಾ ಇರುತ್ತೆ ಅಂದೆ. ಅವತ್ತು ಸಂಜೆ ಎದ್ದು ಕೂತ್ರಿ. ಮಾರನೇ ದಿನ ನಡೆದ್ರಿ."

ಅವನಿಗೆ ಆ ಸಂಜೆ ನೆನಪಿತ್ತು. ಕಬ್ಬಿಣದ ಮಂಚದ ಅಂಚು ಹಿಡಿದು ಎದ್ದದ್ದು, ಮಾರನೇ ದಿನ ಇವಳ ಭುಜದ ಮೇಲೆ ಭಾರ ಹಾಕಿ ಬಾಗಿಲವರೆಗೆ ಹೆಜ್ಜೆಯಿಟ್ಟದ್ದು. ತನ್ನನ್ನು ಎಬ್ಬಿಸಿದ್ದು ಮುದುಕಿ ಎಂದು ಎಂಟು ವರ್ಷ ತಿಳಿದಿದ್ದ.

"ಆಮೇಲಾದ್ರೂ ಹೇಳಬಹುದಿತ್ತು. ಎಂಟು ವರ್ಷ. ನಾಲ್ಕು ಸಲ ಹೊರಟಿದ್ವಿ."

"ಐದು ಸಲ."

ಅವನು ಜೇಬಿನಿಂದ ಹಾಳೆ ತೆಗೆದು, ಎರಡಾಗಿ ಹರಿದು, ಅವಳ ಮೇಜಿನ ಕೆಳಗಿದ್ದ ಕಸದ ಡಬ್ಬಿಗೆ ಹಾಕಿದ. "ಇಂಜೆಕ್ಷನ್ನು ನಾಲ್ಕರವರೆಗೂ ಹಾಕ್ತಾರೆ ಅಲ್ವಾ?" ಎಂದ.

ಅವಳು ಗೋಡೆಯ ಗಡಿಯಾರ ನೋಡಿದಳು. "ಇದೊಂದು ಕನ್ನಡಕ ಮುಗಿಸ್ಬೇಕು. ಮುಗೀಲಿ, ಹೋಗೋಣ."

"ಮುಗಿಸು. ನಾನಿರ್ತೀನಿ."

ಅವಳು ಮತ್ತೆ ಭೂತಗಾಜು ಸಿಕ್ಕಿಸಿಕೊಂಡಳು. ಅವನು ಸ್ಟೂಲಿನ ಮೇಲೆ ಕಾದ. ಕಾಯುವುದು ಅವನಿಗೆ ಅಭ್ಯಾಸವಿರಲಿಲ್ಲ, ಆ ಕೆಲಸ ಇಷ್ಟು ದಿನ ಅವಳ ಪಾಲಿನದಾಗಿತ್ತು. ಮೊದಲನೇ ಸ್ಕ್ರೂ ಕೂತಿತು. ಎರಡನೆಯದು ಜಾರಿ ನೆಲಕ್ಕೆ ಬಿತ್ತು. ಅವನು ಮೊಣಕಾಲು ಕಟಕಟಿಸುತ್ತಾ ಇಳಿದು, ಅವಳು ಕೊಟ್ಟ ಅಯಸ್ಕಾಂತವನ್ನು ನೆಲದ ಮೇಲೆ ಆಡಿಸಿ ಹುಡುಕಿ ಕೊಟ್ಟ. ಅವಳು ಅದನ್ನು ಕೂರಿಸಿ, ಚೌಕಟ್ಟನ್ನು ದೀಪಕ್ಕೆ ಹಿಡಿದು ನೋಡಿ, ಡಬ್ಬಿಯಲ್ಲಿಟ್ಟಳು. ದೀಪ ಆರಿಸಿದಳು.

ಕತ್ತಲಾದ ಕೋಣೆಯಲ್ಲಿ ಕೈಚೀಲಕ್ಕಾಗಿ ತಡಕಾಡುತ್ತಾ ಕೇಳಿದಳು, "ಪೂರ್ತಿ ತಿಂತಾ ಅದು?"

"ಮೂಳೆ ಕೂಡ ಬಿಡ್ಲಿಲ್ಲ."

"ಬೇಜಾರಾಯ್ತಾ?"

"ಆಯ್ತು," ಎಂದ ಅವನು. "ತುಂಬಾ."

"ಅದಕ್ಕೇ ಹೇಳಿರ್ಲಿಲ್ಲ," ಎಂದು ಹೇಳಿ ಅವಳು ಪರದೆ ಸರಿಸಿದಳು.